ಬೀಳುವವಳ ಬಲಗೈ

ಈ ಕತೆಯನ್ನು ಮೊದಲು ಹೇಳಿದವರು ಜೂಡೋ ಕಲಿಸುತ್ತಿದ್ದ ಕಮಲಾಕ್ಷಿ ಹಂಚಿನಮನಿ ಅಕ್ಕೋರು. ತಾವಾಗಿ ಹೇಳಲಿಲ್ಲ, ದಾಕ್ಷಾಯಣಿ ಎಂಬ ಶಿಷ್ಯೆ ಕೇಳಿದ್ದಕ್ಕೆ ಹೇಳಿದರು.

"ಅಕ್ಕೋರೆ, ನನ್ನ ಬಲಮಗ್ಗುಲಿಗಿರುವಷ್ಟು ಶಕ್ತಿ ಎಡಮಗ್ಗುಲಿಗಿಲ್ಲ. ಎರಡೂ ಕಡೆ ಸರಿಸಮ ಆಗಬೇಕಾದರೆ ಏನು ಮಾಡಬೇಕು?"

ಅಕ್ಕೋರು ಮ್ಯಾಟಿನ ಅಂಚಿಗೆ ಕೂತರು, ಅವಳನ್ನೂ ಕೂರಿಸಿಕೊಂಡರು.

ಒಂದೂರಲ್ಲಿ ಒಬ್ಬಳು ಗುರು ಇದ್ದಳು. ಅವಳ ಹತ್ತಿರ ಇಬ್ಬರು ಗೆಳತಿಯರು ಜೂಡೋ ಕಲಿಯುತ್ತಿದ್ದರು. ಇಬ್ಬರದೂ ಒಂದೇ ತೂಕ. ಸ್ನೇಹಕ್ಕೆ ಅದರಿಂದ ಅಡ್ಡಿಯಿಲ್ಲ. ಆದರೆ ರಾಜ್ಯಮಟ್ಟದ ಪಂದ್ಯಕ್ಕೆ ಒಂದು ತೂಕಕ್ಕೆ ಜಿಲ್ಲೆಯಿಂದ ಒಬ್ಬಳನ್ನೇ ಕಳಿಸುತ್ತಾರೆ.

ಒಬ್ಬಳಿಗೆ ಎತ್ತಿ ಹಾಕುವುದು ಚೆನ್ನಾಗಿ ಬರುತ್ತಿತ್ತು. ಇನ್ನೊಬ್ಬಳಿಗೆ ಪೆಟ್ಟಾಗದಂತೆ ಬೀಳುವುದು ಚೆನ್ನಾಗಿ ಬರುತ್ತಿತ್ತು. ಗುರು ಬೀಳುವವಳನ್ನು ಕರೆದು, "ಈ ಸಲ ಅವಳು ಹೋಗಲಿ. ಅಭ್ಯಾಸಕ್ಕೆ ನೀನು ಬೀಳು. ಅವಳು ಗೆದ್ದು ಬಂದಮೇಲೆ ನಿನ್ನ ಸರದಿ, ಆಗ ಅವಳು ನಿನಗೆ ಬೀಳುತ್ತಾಳೆ" ಅಂದಳು. ಬೀಳುವವಳು ಒಪ್ಪಿದಳು. ರಾಜ್ಯಮಟ್ಟದ ಪಂದ್ಯದಲ್ಲಿ ಒಂದೇ ಒಂದು ಸಲ ತನ್ನ ಹೆಸರು ಕೂಗುವುದನ್ನು ಕೇಳಬೇಕು, ಅವಳ ಆಸೆ ಇಷ್ಟೇ ಇತ್ತು.

ಎತ್ತುವವಳದು ಒಂದೇ ಪಟ್ಟು. ಎದುರಾಳಿಯ ಬಲತೋಳು ಹಿಡಿದು, ಒಳಗೆ ತಿರುಗಿ, ತನ್ನ ಬಲಭುಜದ ಮೇಲಿಂದ ಎತ್ತಿ ಹಾಕುವುದು. ಹಾಗೆ ಹಾಕಿದರೆ ಬೀಳುವವಳು ಎಡಮಗ್ಗುಲಿಗೆ ಬೀಳುತ್ತಾಳೆ. ಬೀಳುತ್ತಲೇ ಎಡಗೈಯಿಂದ ಮ್ಯಾಟಿಗೆ ಬಡಿದು ಪೆಟ್ಟನ್ನು ಕಳೆದುಕೊಳ್ಳುತ್ತಾಳೆ. ಬೆಳಿಗ್ಗೆ ಬಿದ್ದಳು, ಸಂಜೆ ಬಿದ್ದಳು. ಎತ್ತುವವಳು ಗೆದ್ದು ಬಂದಳು. ಗೆದ್ದವಳನ್ನು ಇನ್ನೂ ಮೇಲಕ್ಕೆ ಕಳಿಸಬೇಕಾಯಿತು. ಸರದಿ ಮುಂದಕ್ಕೆ ಹೋಯಿತು. ಮರುವರ್ಷವೂ ಹೋಯಿತು.

"ನಿನ್ನಷ್ಟು ಚೆಂದ ಬೀಳೋರು ಯಾರೂ ಇಲ್ಲ ಕಣೇ" ಎಂದು ಗೆಳತಿ ಹೊಗಳುತ್ತಿದ್ದಳು.

"ಅದಕ್ಕೂ ಒಂದು ಪದಕ ಇಟ್ಟಿದ್ದರೆ ನಾನೇ ಹೋಗಿ ತರುತ್ತಿದ್ದೆ" ಎಂದು ಇವಳು ನಗುತ್ತಿದ್ದಳು. ಅವಳಿಗೆ ಗೆಳತಿಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದರೆ ಬಚಾವಾಗುತ್ತಿದ್ದಳೋ ಏನೋ.

ವರ್ಷಗಳು ಕಳೆದಂತೆ ಅವಳ ಎಡಗೈ ಗಟ್ಟಿಯಾಯಿತು, ಬೀಳುವುದನ್ನು ಬಾಯಿಪಾಠ ಮಾಡಿಕೊಂಡಿತು. ಬಲಗೈ ಏನನ್ನೂ ಕಲಿಯಲಿಲ್ಲ. ಅದು ಯಾವಾಗಲೂ ಗೆಳತಿಯ ಹಿಡಿತದಲ್ಲೇ ಇರುತ್ತಿತ್ತು.

ಒಮ್ಮೆ ಒಬ್ಬ ತಜ್ಞ ಬಂದ. ಮೈಯ ಎರಡೂ ಕಡೆಯ ಶಕ್ತಿ ಅಳೆಯುವ ಯಂತ್ರ ತಂದಿದ್ದ. ಎತ್ತುವವಳನ್ನು ಅಳೆದು ಗುರುವಿಗೆ ಹೇಳಿದ: "ಬಲಕ್ಕೂ ಎಡಕ್ಕೂ ಅಜಗಜಾಂತರ. ಹೀಗೇ ಬಿಟ್ಟರೆ ಇವಳ ಬೆನ್ನು ಹೋಗುತ್ತದೆ. ನಾಳೆಯಿಂದ ಎಡಕ್ಕೂ ಎತ್ತಿಸಿ." ಮಾತು ಸರಿಯಾಗಿಯೇ ಇತ್ತು.

ಬೀಳುವವಳೂ ಸಾಲಿನಲ್ಲಿ ನಿಂತಿದ್ದಳು. "ನೀನು ಪಂದ್ಯಕ್ಕೆ ಹೋಗುವವಳೇನಮ್ಮ?" ಎಂದು ಅವನು ಕೇಳಿದ.

"ಮುಂದಿನ ಸಲ, ಸರ್."

"ಹಾಗಾದರೆ ಮುಂದಿನ ಸಲ ಅಳೆಯೋಣ" ಎಂದು ಯಂತ್ರ ಮಡಚಿಟ್ಟ.

ಮರುದಿನ ಎಡಗಡೆಯ ಅಭ್ಯಾಸ ಶುರುವಾಯಿತು. "ಮೇಡಮ್, ಆ ಕಡೆ ನನಗೆ ಬೀಳೋಕೆ ಬರೋದಿಲ್ಲ" ಅಂದಳು ಬೀಳುವವಳು.

ಗುರು ನಕ್ಕಳು. "ಇಷ್ಟು ವರ್ಷ ಬಿದ್ದವಳು ನೀನು. ನಿನಗೆ ಬೀಳೋಕೆ ಬರೋದಿಲ್ಲ ಅಂದರೆ ಈ ಗೋಡೆನೂ ನಂಬೋದಿಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕು ಎಡತೋಳು ಕೊಟ್ಟಳು.

ಮೊದಮೊದಲು ನಿಧಾನವಾಗಿ ಎತ್ತಿದ್ದರಿಂದ ಏನೂ ಆಗಲಿಲ್ಲ. ಆಮೇಲೆ ಗುರು, "ಈಗ ಜೋರಾಗಿ" ಅಂದಳು. ಮೈ ಗಾಳಿಯಲ್ಲಿದ್ದಾಗ ಬೀಳುವವಳ ಎಡಗೈ ತನ್ನ ಕೆಲಸಕ್ಕೆ ಹೊರಟಿತು, ಆದರೆ ಅದು ಗೆಳತಿಯ ಮುಷ್ಟಿಯಲ್ಲಿತ್ತು. ಬಲಗೈಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಎಡವಿದ ಮಗು ಊರುವ ಹಾಗೆ ನೆಟ್ಟಗೆ ಮ್ಯಾಟಿಗೆ ಊರಿತು. ಮೈಯ ಭಾರವೆಲ್ಲ ಅದರ ಮೇಲೆ ಬಂತು. ಮೊಣಕೈ ಮುರಿಯಿತು.

ಮೂಳೆ ಕೂಡಿತು, ಕೈ ಮಾತ್ರ ಪೂರ್ತಿ ಚಾಚಲು ಬರಲಿಲ್ಲ. ಗೆಳತಿ ಅತ್ತಳು, ಕೆಲವು ದಿನ ಹಣ್ಣು ತಂದಳು, ಆಮೇಲೆ ತರಬೇತಿ ಶಿಬಿರಕ್ಕೆ ಹೋದಳು. ಬೀಳುವುದಕ್ಕೆ ಹೊಸಬಳೊಬ್ಬಳು ಸಿಕ್ಕಳು. ಗುರು ಈಗ ಜಾಣಳಾಗಿದ್ದಳು. ಹೊಸಬಳಿಗೆ ಎರಡೂ ಕಡೆ ಬೀಳುವುದನ್ನು ಮೊದಲೇ ಕಲಿಸಿದಳು.

ತಜ್ಞ ಮತ್ತೆ ಬಂದು ಅಳೆದಾಗ ಎತ್ತುವವಳ ಎಡವೂ ಬಲವೂ ಒಂದೇ ಸಮ ಇದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಬೀಳುವವಳೂ ತಟ್ಟಿದಳು. ಚಪ್ಪಾಳೆಗೆ ಕೈ ಪೂರ್ತಿ ಚಾಚಬೇಕಿಲ್ಲ.

ಜನ ಕರಗಿದಮೇಲೆ ಅವಳು ಗುರುವಿನ ಹತ್ತಿರ ಹೋದಳು. "ಮೇಡಮ್, ನನ್ನ ಸರದಿ?"

"ಮೊದಲು ಕೈ ನೆಟ್ಟಗಾಗಲಿ, ನೋಡೋಣ."

ಅದು ನೆಟ್ಟಗಾಗುವ ಕೈಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮರುದಿನದಿಂದ ಅವಳು ಬರಲಿಲ್ಲ. ಯಾಕೆ ಬರಲಿಲ್ಲವೆಂದು ಕೇಳಲು ಯಾರೂ ಅವಳ ಮನೆಗೆ ಹೋಗಲಿಲ್ಲ. ಅಭ್ಯಾಸವೇನೂ ನಿಂತಿರಲಿಲ್ಲವಲ್ಲ.

ಅಕ್ಕೋರು ಅಷ್ಟಕ್ಕೇ ನಿಲ್ಲಿಸಿದರು. ದಾಕ್ಷಾಯಣಿ ಸ್ವಲ್ಪ ಹೊತ್ತು ಕಾದಳು. ಮುಂದೇನಾದರೂ ಇರಬಹುದೆಂದು ಅವಳ ಎಣಿಕೆ. ಆಮೇಲೆ ಕೇಳಿದಳು: "ತಪ್ಪು ಯಾರದು, ಅಕ್ಕೋರೆ? ಎತ್ತಿದವಳದೋ, ಕಲಿಸಿದವಳದೋ?"

"ದಿನಾ ನಿನಗೆ ಬೀಳುತ್ತಾಳಲ್ಲ, ಅವಳಿಗೆ ಈ ಕತೆ ಹೇಳಿ, ಅವಳನ್ನೇ ಕೇಳು."