ಹೆಬ್ಬೆರಳಿನ ಅಳತೆ

“ಬುದ್ಧಿ, ನೆಟ್ಟಗಿರೋ ಮನುಷ್ಯ ಅಂತ ಈ ಲೋಕದಲ್ಲಿ ಒಬ್ಬನಾದರೂ ಇದ್ದಾನಾ?”

ಕೇಳಿದವನು ಮುರುಗಯ್ಯ. ಮಠದ ಹಳೆಯ ಶಿಷ್ಯ. ದಾಸೋಹದ ಅಡುಗೆಮನೆಯ ಉಸ್ತುವಾರಿ ಅವನದು. ಗುರುಗಳು ಏನಾಯಿತೆಂದು ವಿಚಾರಿಸಿದರು.

“ಅಡುಗೆಗೆ ಬಂದೋರನ್ನೆಲ್ಲ ನೋಡಿಬಿಟ್ಟೆ. ಮೊದಲು ಬಂದವನಿಗೆ ಅಹಂಕಾರ. ತಿದ್ದೋಕೆ ಹೋದೆ, ಬಿಟ್ಟುಹೋದ. ಅವನ ಹಿಂದೆ ಬಂದವನಿಗೂ ಅಹಂಕಾರ, ಅವನೂ ನಿಲ್ಲಲಿಲ್ಲ. ಆಮೇಲೆ ಬಂದ ಆ ಮುದುಕಮ್ಮನಿಗೂ ಅದೇ. ಈಗ ಪುಟ್ಟಮಾದಪ್ಪನದೂ ಅದೇ ಕತೆ. ಒಂದು ಮಾತು ಹೇಳಿದರೆ ಮುಖ ಬಿಗಿದುಕೊಳ್ತಾನೆ. ಗಂಟು ಕಟ್ಟಿಕೋ ಅಂದಿದ್ದೀನಿ, ಬಾಗಿಲಲ್ಲಿ ಕೂತಿದ್ದಾನೆ. ತಾವು ಅಪ್ಪಣೆ ಕೊಟ್ಟರೆ ಈಗಲೇ ಕಳಿಸಿಬಿಡ್ತೀನಿ.”

ಗುರುಗಳು ಒಮ್ಮೆ ಬಾಗಿಲ ಕಡೆ ನೋಡಿದರು. ಅಪ್ಪಣೆ ಕೊಡಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಸೈಕಲ್ ರಿಪೇರಿ ಮಾಡುವವನೊಬ್ಬನಿದ್ದ. ಗುಜರಿ ಅಂಗಡಿಯಲ್ಲಿ ಬಿದ್ದ ಹಳೆಯ ಸೈಕಲ್ಲುಗಳನ್ನು ತಂದು, ಮತ್ತೆ ಓಡುವಂತೆ ಮಾಡಿ ಮಾರುವುದು ಅವನ ಕಸುಬು. ಚಕ್ರ, ಚೈನು, ಸೀಟು ಹೋಗಿದ್ದರೆ ಬೇರೆ ಹಾಕಬಹುದು. ಫ್ರೇಮು ಕೆಟ್ಟಿದ್ದರೆ ಏನು ಹಾಕಿದರೂ ದಂಡ. ಆದ್ದರಿಂದ ಅವನು ಮೊದಲು ಫ್ರೇಮನ್ನು ಪರೀಕ್ಷಿಸುತ್ತಿದ್ದ. ತುಕ್ಕು ಕೆರೆದು, ಪೈಪುಗಳು ಕೂಡುವಲ್ಲಿ ಬಿರುಕು ಬಿಟ್ಟಿದೆಯೇ ಎಂದು ಹುಡುಕುತ್ತಿದ್ದ. ಸ್ಪ್ಯಾನರಿನಿಂದ ತಟ್ಟಿ ಸದ್ದು ಕೇಳುತ್ತಿದ್ದ. ಕೊನೆಗೆ ಒಂದು ದಾರವನ್ನು ಹಿಂದಿನ ಚಕ್ರ ಕೂರುವ ಜಾಗದ ಒಂದು ಬದಿಗೆ ಕಟ್ಟಿ, ಮುಂದೆ ಹ್ಯಾಂಡಲ್ಲಿನ ಪೈಪನ್ನು ಸುತ್ತಿ ತಂದು, ಇನ್ನೊಂದು ಬದಿಗೆ ಬಿಗಿಯುತ್ತಿದ್ದ. ಆಗ ಸೀಟಿನ ಪೈಪು ಎರಡು ಎಳೆಗಳ ನಡುವೆ ನಿಲ್ಲುತ್ತಿತ್ತು. ಎಡಗಡೆಯ ಸಂದಿಗೆ ಎಡಗೈ ಹೆಬ್ಬೆರಳು, ಬಲಗಡೆಯ ಸಂದಿಗೆ ಬಲಗೈ ಹೆಬ್ಬೆರಳು ಇಟ್ಟು ನೋಡುತ್ತಿದ್ದ. ಎರಡೂ ಸಮವಾಗಿದ್ದರೆ ಫ್ರೇಮು ನೆಟ್ಟಗಿದೆ. ಒಂದು ಕಡೆ ಬಿಗಿಯಾದರೆ ಫ್ರೇಮು ಆ ಕಡೆಗೆ ವಾಲಿದೆ. ಅಂಥದ್ದನ್ನು ಸರಳು ಹಾಕಿ ಒತ್ತಿ ಬೆಂಡು ತೆಗೆಯುತ್ತಿದ್ದ. ಅವನು ಸರಿಯಿದೆ ಎಂದರೆ ಊರಿನಲ್ಲಿ ಎದುರು ಮಾತಿರಲಿಲ್ಲ.

ಒಮ್ಮೆ ದೊಡ್ಡ ಸುತ್ತಿಗೆ ಜಾರಿ ಅವನ ಬಲಗೈ ಹೆಬ್ಬೆರಳ ಮೇಲೆ ಬಿತ್ತು. ಮೂಳೆ ಮುರಿಯಿತು, ಕೂಡಿಕೊಂಡಿತು. ನೋವು ಹೋಯಿತು. ಬೆರಳು ಮಾತ್ರ ದಪ್ಪಗಾಗಿಯೇ ಉಳಿಯಿತು. ಉಣ್ಣಲು ಅಡ್ಡಿ ಮಾಡದ ಬೆರಳನ್ನು ಯಾರು ವಿಚಾರಿಸುತ್ತಾರೆ? ಅವನು ಮರೆತುಬಿಟ್ಟ.

ಅಂದಿನಿಂದ ಅವನು ತಂದ ಫ್ರೇಮುಗಳೆಲ್ಲ ಬಲಕ್ಕೆ ವಾಲಿದ್ದವು. ಈಗೀಗ ಗುಜರಿಗೆ ಒಳ್ಳೆಯ ಮಾಲೇ ಬರುತ್ತಿಲ್ಲ ಎಂದು ಬೈದುಕೊಂಡು ಒಂದೊಂದನ್ನೂ ಎಡಕ್ಕೆ ಬಗ್ಗಿಸಿದ. ಕೊಂಡವರು ಸೈಕಲ್ಲು ಎಡಕ್ಕೆ ಎಳೆಯುತ್ತದೆ ಎಂದು ತಿರುಗಿ ತಂದರು. ಅವನು ದಾರ ಕಟ್ಟಿ, ಹೆಬ್ಬೆರಳಿಟ್ಟು ನೋಡಿದ. ಸರಿಯಾಗಿಯೇ ಇತ್ತು. ಓಡಿಸಲು ಬಾರದವರು ಎಂದು ಅವರನ್ನೂ ಬೈದು ಕಳಿಸಿದ.

ಅವನಿಗೆ ಒಬ್ಬಳೇ ಮಗಳು. ಹೊಲಿಗೆ ಕೆಲಸಕ್ಕೆ ಪಕ್ಕದ ಊರಿಗೆ ಹೋಗಿಬರುತ್ತಿದ್ದಳು. ಅವಳಿಗೆಂದು ಗುಜರಿಯನ್ನೆಲ್ಲ ಜಾಲಾಡಿ ಒಂದು ಫ್ರೇಮು ತಂದ. ತಟ್ಟಿದರೆ ಗಂಟೆಯಂತೆ ನಾದ. ಅಷ್ಟು ಒಳ್ಳೆಯ ಕಬ್ಬಿಣ ಅವನ ಕೈಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅದೂ ಬಲಕ್ಕೆ ವಾಲಿತ್ತು. ಮಗಳದೆಂಬ ಅಕ್ಕರೆಯಿಂದ ಅದನ್ನು ಉಳಿದವುಗಳಿಗಿಂತ ಹೆಚ್ಚು ಎಚ್ಚರದಿಂದ ಬಗ್ಗಿಸಿದ.

ಕಾಲುವೆಯ ಸೇತುವೆ ಇಳಿಯುವಾಗ ಸೈಕಲ್ಲು ಎಡಕ್ಕೆ ಎಳೆಯಿತು. ಮಗಳು ಕಲ್ಲುಗಳ ಮೇಲೆ ಬಿದ್ದಳು. ಎಡಗೈ ಮುರಿಯಿತು. ಆ ಕೈ ಇನ್ನು ಮೊದಲಿನಂತೆ ಬಟ್ಟೆ ಹಿಡಿಯುತ್ತದೆ ಎಂದು ವೈದ್ಯರು ಧೈರ್ಯ ಹೇಳಲಿಲ್ಲ.

ತಂದೆಗೆ ಸಂಕಟ. ಸಂಕಟಕ್ಕಿಂತ ಹೆಚ್ಚು ಸಿಟ್ಟು. ಸೈಕಲ್ಲನ್ನು ಬಿಚ್ಚಿ, ಫ್ರೇಮಿಗೆ ದಾರ ಕಟ್ಟಿ, ಎರಡೂ ಹೆಬ್ಬೆರಳಿಟ್ಟು ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನೀನೇ ಮೈಮರೆತು ಓಡಿಸಿದ್ದೀಯೆ, ಬೇಕಾದರೆ ನೀನೇ ಬೆರಳಿಟ್ಟು ನೋಡು ಎಂದು ಮಗಳನ್ನು ಗದರಿದ.

ಮುರಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡಿದ್ದ ಮಗಳು ಬಗ್ಗಿದಳು. ಬಲಗೈ ಹೆಬ್ಬೆರಳನ್ನು ಎಡಗಡೆಯ ಸಂದಿಗಿಟ್ಟಳು. ಅದೇ ಬೆರಳನ್ನು ತೆಗೆದು ಬಲಗಡೆಯ ಸಂದಿಗಿಟ್ಟಳು.

“ಆ ಕಡೆ ಬಿಗಿ, ಈ ಕಡೆ ಸಡಿಲ ಅಪ್ಪಾ.”

“ಹಂಗಲ್ಲಮ್ಮ ನೋಡೋದು. ಎರಡೂ ಕೈ ಹೆಬ್ಬೆರಳು ಇಡಬೇಕು.”

“ನಂಗೀಗ ಇರೋದು ಒಂದೇ ಕೈ ಅಲ್ವೇನಪ್ಪ?”

ಅವನು ತನ್ನ ಎರಡು ಹೆಬ್ಬೆರಳುಗಳನ್ನು ಜೋಡಿಸಿ ಹಿಡಿದು ನೋಡಿದ. ಬಲಗೈಯದು ಎಡಗೈಯದಕ್ಕಿಂತ ದಪ್ಪಗಿತ್ತು. ಆಮೇಲೆ ಮಗಳ ಮುಖ ನೋಡಲಾರದೆ ಅಲ್ಲೇ ಕುಸಿದು ಕುಳಿತು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಮುರುಗಯ್ಯನ ಮನಸ್ಸು ಕರಗಿತ್ತು. ಅವನು ನಿಟ್ಟುಸಿರುಬಿಟ್ಟ.

“ಎಂಥಾ ಅನ್ಯಾಯ ಆಗಿಹೋಯ್ತು ಬುದ್ಧಿ. ಬಂದದ್ದೆಲ್ಲ ಒಂದೇ ಕಡೆಗೆ ವಾಲಿರೋದು ಕಂಡಾಗಲೇ ಅವನಿಗೆ ತನ್ನ ಮೇಲೆ ಅನುಮಾನ ಬರಬೇಕಿತ್ತು.”

ಗುರುಗಳು ಅವನನ್ನೇ ನೋಡುತ್ತ ಕೇಳಿದರು:

“ಅಡುಗೆಗೆ ಬಂದವರೆಲ್ಲ ಯಾವ ಕಡೆಗೆ ವಾಲಿದ್ದರು ಎಂದೆ, ಮುರುಗಯ್ಯ?”