ಹಲ್ಲಿನ ದವಾಖಾನೆಯ ಹಿತ್ತಲ ಬಾಗಿಲು

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿನ ಸ್ವಾಮಿಗಳಾದ ಅಜ್ಜನ ಕೈಯಲ್ಲಿ ಅಕ್ಷರ ಕಲಿತ ಮಡಿವಾಳಯ್ಯ ಮುಂದೆ ಹಲ್ಲಿನ ಡಾಕ್ಟರಾದ. ಹೆಂಡತಿ ನೀಲವ್ವ ತೀರಿಕೊಂಡ ಮೇಲೆ ಅವನು ಮಠದ ಪಕ್ಕದ ಜಾಗದಲ್ಲೇ ಹೊಸ ದವಾಖಾನೆ ಕಟ್ಟಲು ಹೊರಟ.

ಬುನಾದಿ ಅಗೆಯುವವರು ಮರುದಿನ ಬರುವವರಿದ್ದರು. ಅಜ್ಜ ಹೂಂ ಅನ್ನದೆ ಒಂದು ಕಲ್ಲನ್ನೂ ಇಡುವವನಲ್ಲ ಮಡಿವಾಳಯ್ಯ. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೋಡೆಗಳ ಗೆರೆ ಎಳೆದು, ಅಜ್ಜನನ್ನು ಕರೆತಂದ.

"ಇದು ಮುಂದಿನ ಬಾಗಲಾ ರೀ ಅಜ್ಜಾರ. ಬಂದವರು ಇಲ್ಲಿ ಬ್ಯಾರೆ ಬ್ಯಾರೆ ಕೂಡ್ತಾರ. ಇದು ಎಕ್ಸ್‌ರೇ ಖೋಲಿ. ಇಲ್ಲಿ ಕುರ್ಚಿ. ಹಲ್ಲು ಕೀಳೂ ಸಾಮಾನು ಕುದಸೂ ಜಾಗಾ ಅದರ ಬೆನ್ನಿಗೇ, ಕೈ ಚಾಚಿದರ ಸಿಗತೈತಿ. ಹಲ್ಲು ಕಿತ್ತ ಮ್ಯಾಲೆ ಈ ಹಿತ್ತಲ ಬಾಗಲದಿಂದ ಸೀದಾ ಹೊರಗ. ಹೋಗಾವ್ರು ಬರಾವ್ರಿಗೆ ಅಡ್ಡ ಆಗೂದಿಲ್ಲ."

ಅಜ್ಜ ಕೋಲೂರುತ್ತ ಸುಣ್ಣದ ಮುಂಬಾಗಿಲಲ್ಲಿ ಒಳಹೊಕ್ಕು, ಎಲ್ಲ ಕೋಣೆ ಸುತ್ತಿ, ಹಿತ್ತಲ ಬಾಗಿಲಲ್ಲಿ ಹೊರಬಂದರು.

"ಯಾರೂ ಭೆಟ್ಟಿ ಆಗಲಿಲ್ಲಲ್ಲಪಾ ನನಗ?"

"ಇಲ್ಲರಿ! ಅದೇ ಇದರ ಹೆಚ್ಚುಗಾರಿಕಿ." ಮಡಿವಾಳಯ್ಯನ ಮುಖ ಅರಳಿತು.

"ಮತ್ತ ನಿನಗ?"

"ನನಗ್ಯಾಕ್ರೀ? ನಾ ಕುರ್ಚಿ ಬಾಜೂಕ ಇರತೀನಿ. ಯಾರ ಕೂಡಾನೂ ಮಾತಾಡೂದು ಬೇಕಾಗಿಲ್ಲ."

ಅಜ್ಜ ನಕ್ಕರೋ ಇಲ್ಲವೋ, ಆ ಗಡ್ಡದಲ್ಲಿ ಯಾರಿಗೆ ಕಾಣಬೇಕು! ಕುರ್ಚಿಯ ಗುರುತಿನ ಹತ್ತಿರ ಹೋಗಿ, "ಇಲ್ಲಿ ಕೂಡು" ಅಂದರು.

ಡಾಕ್ಟರ್ ಮಡಿವಾಳಯ್ಯ ಮಣ್ಣಿನಲ್ಲಿ ಕೂತ.

"ಬಾಯಿ ಬಿಡು."

ಬಿಟ್ಟ. ಅಜ್ಜ ಒಳಗೆ ಇಣುಕಲಿಲ್ಲ. ಎದುರಿಗೇ ಕೂತು ಸುಮ್ಮನೆ ಕಾದರು. ದಿನವೆಲ್ಲ ಊರಿನವರ ಬಾಯಿ ಬಿಡಿಸುವ ಡಾಕ್ಟರಿಗೆ ಈಗ ತನ್ನ ದವಡೆಯೇ ನೋಯತೊಡಗಿತು ನೋಡಿ.

"ಏನ ನೋಡಾಕತ್ತೀರಿ ಅಜ್ಜಾರ?"

"ನೋಡಾಕ ಅಲ್ಲಪಾ, ಕೇಳಾಕ ಕುಂತೀನಿ. ನೀಲವ್ವ ಹೋದಾಗಿಂದ ಯಾರ ಮುಂದೂ ಬಾಯಿ ಬಿಟ್ಟಿಲ್ಲ ನೀ. ಬಾಯಿ ಬಿಟ್ಟ ಹೇಳು."

ಮಡಿವಾಳಯ್ಯ ತುಟಿ ಕಚ್ಚಿ ಹಿಡಿದ. ಎಷ್ಟು ಹೊತ್ತು ಹಿಡಿದಾನು ಪಾಪ!

"ಬಂದವರೆಲ್ಲಾ ಕೇಳತಾರ್ರೀ. 'ಡಾಕ್ಟರ, ಅಡಗಿ ಯಾರ ಮಾಡ್ತಾರ? ಹೆಂಗ ಇರತೀರಿ ಒಬ್ಬರ?' ಅಂತಾರ. ಏನಂತ ಹೇಳ್ಲಿ? ಅದಕ್ಕ ಅವರ ಬಾಯಾಗ ಹತ್ತಿ ಇಟ್ಟುಬಿಡತೀನಿ. ಹತ್ತಿ ಕಚ್ಚಿಕೊಂಡವರು ಕೇಳೂದಿಲ್ಲ. ಹಂಗೇ ಹಿತ್ತಲ ಬಾಗಲದಿಂದ ದಾಟಿಸಿಬಿಟ್ಟರ ಮುಗೀತು ಅಂತ..."

ಅವನು ಕುರ್ಚಿಯ ಗುರುತನ್ನು ಬೆರಳಿನಿಂದ ತಿದ್ದತೊಡಗಿದ. ಅಜ್ಜ ಅವಸರ ಮಾಡಲಿಲ್ಲ.

"ಸಂಜೀಕ ನಾನೇ ಬೀಗಾ ತಗೀಬೇಕು, ನಾನೇ ದೀಪಾ ಹಚ್ಚಬೇಕು. ಬಂದ್ಯಾ ಅನ್ನಾವ್ರಿಲ್ಲ, ಉಂಡ್ಯಾ ಅನ್ನಾವ್ರಿಲ್ಲ. ಭಾಳ ಒಂಟಿ ಆಗೇನ್ರಿ ಅಜ್ಜಾರ."

ಅಷ್ಟು ಅಂದವನೇ ಬಿಕ್ಕಿ ಬಿಕ್ಕಿ ಅತ್ತ. ಅಜ್ಜ ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕೂತರು. ಹೊಳೆಯಾಚೆ ಬಿಸಿಲು ಇಳಿಯಿತು.

ಅಳು ನಿಂತ ಮೇಲೆ ಅಜ್ಜ ಎದ್ದರು. ಒಂದು ಹಿಡಿ ಸುಣ್ಣ ತೆಗೆದುಕೊಂಡು ಹೋಗಿ, ಹಿತ್ತಲ ಬಾಗಿಲು ಇದ್ದಲ್ಲಿ ಈ ತುದಿಯಿಂದ ಆ ತುದಿಗೆ ಗೆರೆ ಕೂಡಿಸಿಬಿಟ್ಟರು. ಅಲ್ಲೀಗ ಗೋಡೆ.

"ಬಂದವರು ಬಂದ ಬಾಗಲದಾಗೇ ಹೋಗಲಿ."

ಮಡಿವಾಳಯ್ಯ ಕಣ್ಣೊರೆಸಿಕೊಂಡ. ಆದರೂ ಡಾಕ್ಟರ ಲೆಕ್ಕಾಚಾರ ಬಿಡಬೇಕಲ್ಲ!

"ಒಂದೇ ಬಾಗಲಾದರ ಮಂದಿ ನಿಂತು ಮಾತಿಗೆ ಹತ್ತತಾರ್ರೀ ಅಜ್ಜಾರ. ದಿನಾ ಒಂದ ತಾಸು ಸುಮ್ಮನ ಹಾಳ ಆಗತೈತಿ."

ಅಜ್ಜ ಕೈಗೆ ಅಂಟಿದ್ದ ಸುಣ್ಣ ಝಾಡಿಸಿಕೊಂಡರು.

"ಆ ತಾಸು ಉಳಿಸಿ, ಮನೀಗೆ ಒಯ್ದು, ಯಾರಿಗೆ ಕೊಡಾಂವಪಾ ನೀ?"