ನೀರುಗಲ್ಲಮ್ಮನ ಎಲ್ಲೆ ನಿಂತ ಬಗೆ

ಪೂರ್ವಕಾಲದಲ್ಲಿ, ಬಯಲುಸೀಮೆಯ ಮಧ್ಯದಲ್ಲಿ ಏಕಾಕಿಯಾಗಿ ನಿಂತಿರುವ ನೀರುಗಲ್ಲೆಂಬ ಮಹಾಶಿಲೆಯು ಇನ್ನೂ ಯಾವ ದೈವದ ಹೆಸರನ್ನೂ ಪಡೆಯದೆ, ತನ್ನ ಬುಡದ ಚಿಲುಮೆಯಿಂದ ಸುತ್ತಲಿನ ಜನ-ಜಾನುವಾರುಗಳ ದಾಹವನ್ನು ತಣಿಸುತ್ತಿದ್ದ ದಿನಗಳಲ್ಲಿ, ಬಸವಂತ ನಾಯಕನೆಂಬ ಪಾಳೆಯಗಾರನು ತನ್ನ ಕೋಟೆಯ ಹೆಬ್ಬಾಗಿಲಿಗಾಗಿ ಅದನ್ನು ಸೀಳಿ ತರುವಂತೆ ಕಲ್ಲುಕುಟಿಗ ಬೈಚಯ್ಯನಿಗೆ ಆಜ್ಞಾಪಿಸಿ, ಕಲ್ಲು ಬರುವವರೆಗೆ ಆತನ ಅಣ್ಣನನ್ನು ಸೆರೆಯಲ್ಲಿರಿಸಿದನು.

ಭಯಗ್ರಸ್ತನಾದ ಬೈಚಯ್ಯನು ಶಿಲೆಯ ನೆತ್ತಿಯಲ್ಲಿ ಗುಳಿಗಳನ್ನು ಕೊರೆದು, ಒಣಮರದ ಬೆಣೆಗಳನ್ನು ಜಡಿದು, ಅವು ಉಬ್ಬಿ ಕಲ್ಲು ಸೀಳಲೆಂದು ನೀರೆರೆದನು. ಒಳಗಿನಿಂದ ನರಳಿದಂಥ ಸದ್ದು ಕೇಳಿತು. ಕೆಳಗೆ ಕೊಡ ತುಂಬುತ್ತಿದ್ದ ಅವನ ಹೆಂಡತಿ ಚಿಕ್ಕಾಯಮ್ಮ ಏದುಸಿರು ಬಿಡುತ್ತ ಮೇಲೇರಿ ಬಂದಳು.

"ನೀರು ನಿಂತೋಯ್ತು! ಬೆಣೆ ಕಿತ್ತಾಕಿ!"

"ಕಿತ್ತರೆ ಅಣ್ಣನ್ನ ಉಳಿಸ್ತಾರೇನೇ?"

ಬೈಚಯ್ಯನು ಸುತ್ತಿಗೆ ಹಿಡಿದು ಬೆಣೆಗಳ ಮುಂದೆ ನಿಂತನು. ಹೊಡೆಯಲೂ ಆಗದು, ಕೀಳಲೂ ಆಗದು. ಆಗ ಶಿಲಾಗರ್ಭದಿಂದ ದಿವ್ಯವಾಣಿಯಾಯಿತು:

"ವತ್ಸಾ, ನಾನು ಇಲ್ಲಿ ನೆಲೆಸಿರುವ ಜಲಮಾತೆ. ನಿನ್ನ ಉಳಿಯ ನಾದವು ಎಷ್ಟು ದೂರ ಕೇಳುವುದೋ ಅಷ್ಟೂ ನನ್ನ ಶರೀರ. ಅದರೊಳಗೆ ಶಿಲೆಗೆ ಘಾತವಾದರೆ ನಾನಿಲ್ಲಿರೆನು."

ಬೈಚಯ್ಯನು ಬೆಣೆಗಳನ್ನು ಕಿತ್ತನು. ಆದರೂ ನೀರು ಬರಲಿಲ್ಲ. ಅವನು ನೇರವಾಗಿ ಕೋಟೆಗೆ ನಡೆದು, "ದೊರೆಯೇ, ಕಲ್ಲೊಡೆಯೋದು ನನ್ನಿಂದಾಗದು. ಅಣ್ಣನ್ನ ಬಿಟ್ಟು ನನ್ನ ಹಿಡ್ಕೊಳ್ಳಿ" ಎಂದನು.

ಕ್ರೋಧಾವಿಷ್ಟನಾದ ನಾಯಕನು ಅವನನ್ನು ಕಟ್ಟಿಸಿ ಎಳೆತಂದು, ತಾನೇ ಶಿಲೆಯನ್ನೇರಿ ಸುತ್ತಿಗೆಯೆತ್ತಿದನು. ಕೆಳಗೆ ಖಾಲಿ ಕೊಡ ಹಿಡಿದ ಜನರು ನಿಂತಿದ್ದರು. ಕರುವೊಂದು ಬತ್ತಿದ ಚಿಲುಮೆಯ ಒಣಗಲ್ಲನ್ನು ನೆಕ್ಕುತ್ತಿತ್ತು. ಅದನ್ನೇ ನೋಡುತ್ತಿದ್ದ ನಾಯಕನ ತೋಳು ಸೋತಿತು. "ಇವನ ಕಟ್ಟು ಬಿಚ್ಚಿ. ಅಣ್ಣನನ್ನೂ ಕರೆತನ್ನಿ" ಎಂದನು.

ಅಣ್ಣತಮ್ಮಂದಿರು ತಬ್ಬಿಕೊಂಡು ಅಳುತ್ತಿರುವಾಗ ಚಿಲುಮೆಯಲ್ಲಿ ತೇವ ಕಾಣಿಸಿತು. ತರುವಾಯ ಬೈಚಯ್ಯನು ದೂರದಿಂದ ತಂದು ಬುಡದಲ್ಲಿರಿಸಿದ ಸಣ್ಣಗಲ್ಲೊಂದರ ಮೇಲೆ ಉಳಿ ಬಡಿಯುತ್ತಿರಲು, ಅಣ್ಣನು ಎಂಟು ದಿಕ್ಕಿಗೂ ನಡೆದು, ಸದ್ದು ಅಡಗಿದಲ್ಲೆಲ್ಲ ಗಡಿಕಲ್ಲು ನೆಡಿಸಿದನು.

ಇತ್ತೀಚೆಗೆ ಸರ್ಕಾರವು ಈ ಶಿಲೆಯನ್ನು ಪ್ರಾಕೃತಿಕ ಸ್ಮಾರಕವೆಂದು ಘೋಷಿಸಿ, ಆ ಗಡಿಕಲ್ಲುಗಳ ಗುಂಟವೇ ಬೇಲಿ ಹಾಕಿಸಿದೆ. ನೆತ್ತಿಯ ಗುಳಿಗಳನ್ನೂ ಅವುಗಳ ನಡುವಿನ ಬಿರುಕನ್ನೂ ಭಕ್ತಾದಿಗಳು ಇಂದಿಗೂ ದರ್ಶಿಸಬಹುದು, ಮುಟ್ಟಕೂಡದು. ಮಾಘ ಹುಣ್ಣಿಮೆಯ ಪ್ರಾತಃಕಾಲ ತೀರ್ಥಕ್ಕೆ ಮೊದಲು ಅರ್ಚಕರು ಚಿಲುಮೆಗೆ ಬಾಗಿ ನೋಡುತ್ತಾರೆ. ಅವರು ತಲೆಯೆತ್ತಿ "ಇದ್ದಾಳೆ" ಎನ್ನುವವರೆಗೆ, ನೆರೆದ ಜನಸ್ತೋಮದಲ್ಲಿ ಯಾರೂ ಉಸಿರು ಬಿಡುವುದಿಲ್ಲ.